ಸಮುದಾಯ ಕಾಲೇಜುಗಳೂ ಪರಿಸರನ್ಯಾಯವೂ

ಹಾರ್ವರ್ಡು, ಯೇಲ್ ಮುಂತಾದ ಅಮೆರಿಕಾದ ವಿದ್ಯಾಪೀಠಗಳ ಹೆಸರನ್ನು ಕೇಳದ ವಿದ್ಯಾವಂತರ ಮನೆ ಕನ್ನಡನಾಡಿನಲ್ಲಿ ವಿರಳ. ಅದೇ ದೇಶದಲ್ಲಿ ‘ಸಮುದಾಯ ಕಾಲೇಜು’ ಎಂದು ಕರೆಯಿಸಿಕೊಳ್ಳುವ ಸಂಸ್ಥೆಗಳು ಸಾವಿರಕ್ಕೆ ಕಡಮೆಯಿಲ್ಲದಂತೆ ಇವೆಯೆಂಬುದನ್ನು ಬಲ್ಲವರು ಅದಕ್ಕಿಂತಲೂ ವಿರಳ. ಆದರೂ ಆ ದೇಶದ ಬಡವನ ಮಗನು, ಕೂಲಿಯವನ ಮಗಳು, ಪರದೇಶದಿಂದ ಬಂದು ಇಂಗ್ಲಿಷು ಕಲಿಯಬೇಕಾದ ವಲಸೆಗಾರನು, ಹಗಲೆಲ್ಲ ಅಂಗಡಿಯಲ್ಲಿ ನಿಂತು ರಾತ್ರಿ ಓದತಕ್ಕ ತಾಯಿ, ಇವರೆಲ್ಲ ಉನ್ನತ ವಿದ್ಯೆಯ ಮೆಟ್ಟಿಲನ್ನು ಮೊದಲು ಹತ್ತುವುದು ಹೆಚ್ಚಾಗಿ ಇಲ್ಲಿಯೇ. ಎರಡು ವರ್ಷಗಳ ವ್ಯಾಸಂಗ, ಅಲ್ಪವಾದ ಶುಲ್ಕ, ಬಂದವರಿಗೆಲ್ಲ ತೆರೆದ ಬಾಗಿಲು. ಇದು ಇವುಗಳ ಕ್ರಮ. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಈ ಬಗೆಯ ಕಾಲೇಜು ಆರಂಭವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ಇಂತಹವು ದೇಶದ ತುಂಬ ಆಗಬೇಕೆಂದು ಹೇಳಿ, ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ರೂಢಿಗೆ ತಂದಿತು. ಹೆಸರೇನೋ ದೊಡ್ಡದು. ಆದರೆ ಆ ಸಮುದಾಯವು ಯಾವುದು, ಅದರ ಎಲ್ಲೆ ಎಲ್ಲಿ, ಕಾಲೇಜಿನ ಬೇಲಿಯ ಕಂಬಕ್ಕೆ ಅದು ಮುಗಿದುಹೋಗುತ್ತದೆಯೇ ಎಂಬ ಪ್ರಶ್ನೆಗೆ ಈ ಕಾಲೇಜುಗಳ ಆಡಳಿತವರ್ಗದವರು ಇದುವರೆಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅವರು ಬರೆಯಿಸುತ್ತಿರುವ ‘ಸುಸ್ಥಿರತೆಯ ಯೋಜನೆ’ಗಳೇ ಇದಕ್ಕೆ ಸಾಕ್ಷಿ.

ಸುಮಾರು ಇಪ್ಪತ್ತು ವರ್ಷಗಳಿಂದ ಇಂತಹ ಯೋಜನೆಗಳು ವಿಪುಲವಾಗಿ ಹುಟ್ಟುತ್ತಿವೆ. 2007ರಲ್ಲಿ ಕಾಲೇಜುಗಳ ಅಧ್ಯಕ್ಷರು ಹವಾಮಾನವನ್ನು ಕುರಿತು ಒಂದು ಪ್ರತಿಜ್ಞಾಪತ್ರವನ್ನು ಬಹಿರಂಗವಾಗಿ ಪ್ರಚುರಪಡಿಸಿದರು. ಕೆಲವೇ ವರ್ಷಗಳಲ್ಲಿ 600ಕ್ಕೂ ಮಿಕ್ಕ ಸಂಸ್ಥೆಗಳು ಅದಕ್ಕೆ ರುಜು ಹಾಕಿದುವು. ಸಮುದಾಯ ಕಾಲೇಜುಗಳೂ ಅವುಗಳಲ್ಲಿ ಅನೇಕವಿದ್ದುವು. ತಾನು ಗಾಳಿಗೆ ಬಿಡುವ ಇಂಗಾಲದ ಅನಿಲವೆಷ್ಟೆಂದು ಪ್ರತಿಯೊಂದು ಸಂಸ್ಥೆಯೂ ಲೆಕ್ಕ ಹಾಕಿ, ಅದನ್ನು ಕಾಲಕ್ರಮದಲ್ಲಿ ಸೊನ್ನೆಗೆ ತರತಕ್ಕದ್ದೆಂಬುದು ಅದರ ಸಾರ. ಉದ್ದೇಶವನ್ನು ದೂಷಿಸುವವರು ಯಾರೂ ಇಲ್ಲ. ದೂಷಣೆಗೆ ಪಾತ್ರವಾದದ್ದು ಲೆಕ್ಕದ ರೀತಿ. ದೀಪಗಳನ್ನು ಬದಲಾಯಿಸಿದ್ದು, ಮಾಡಿನ ಮೇಲೆ ಸೌರಫಲಕಗಳನ್ನು ಹಾಸಿದ್ದು, ಹುಲ್ಲುಹಾಸಿಗೆ ನೀರನ್ನು ಉಳಿಸಿದ್ದು, ಕಸವನ್ನು ಬೇರೆ ಬೇರೆ ತೊಟ್ಟಿಗೆ ಹಾಕಿದ್ದು, ಇವುಗಳಿಗೆ ಪುಟಗಟ್ಟಲೆ ಅಂಕಿಗಳು. ವಿದ್ಯಾರ್ಥಿಯು ಮನೆಯಿಂದ ಕಾಲೇಜಿಗೆ ಬರುವ ಹಳೆಯ ಮೋಟಾರಿನ ಹೊಗೆಯನ್ನು ಸಹ ಬಿಡದೆ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಆದರೆ ಅದೇ ವಿದ್ಯಾರ್ಥಿಯ ಮನೆಯ ಹಿಂದಣ ಚಿಮಣಿಯ ಹೊಗೆ, ಅವನ ತಂಗಿಯ ಉಬ್ಬಸ, ಅವನ ಬೀದಿಯಲ್ಲಿ ರಾತ್ರಿಯೆಲ್ಲ ಓಡುವ ಲಾರಿಗಳು, ಇವು ಲೆಕ್ಕಕ್ಕೆ ಹೊರಗು. ಬಡವನು ಮಾಡಿದ ಹೊಗೆಯನ್ನು ಬರೆದುಕೊಂಡು, ಬಡವನು ಕುಡಿದ ಹೊಗೆಯನ್ನು ಬಿಟ್ಟುಬಿಡುವ ಕರಣಿಕನನ್ನು ಏನೆಂದು ಕರೆಯಬೇಕು?

ಸ್ಥಾಲೀಪುಲಾಕ ನ್ಯಾಯದಿಂದ, ಪಾತ್ರೆಯ ಅನ್ನವೆಲ್ಲ ಬೆಂದಿದೆಯೇ ಎಂದು ನೋಡಲು ಒಂದೇ ಅಗುಳನ್ನು ಹಿಸುಕಿದರೆ ಸಾಕು. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ಒಂಬತ್ತು ಸಮುದಾಯ ಕಾಲೇಜುಗಳು ಒಂದೇ ಆಡಳಿತಮಂಡಲಿಯ ಕೈಕೆಳಗಿವೆ. ಆ ಪ್ರಾಂತದ ಮತದಾರರು 2001, 2003 ಮತ್ತು 2008ರಲ್ಲಿ ಮೂರು ಸಾರಿ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟು, ಒಟ್ಟಿಗೆ ಸುಮಾರು 570 ಕೋಟಿ ಡಾಲರುಗಳನ್ನು ಈ ಕಾಲೇಜುಗಳ ಕಟ್ಟಡಗಳಿಗೆಂದು ಒದಗಿಸಿದರು. ಅದನ್ನು ತೀರಿಸುವುದು ಹತ್ತಾರು ವರ್ಷಗಳ ಆಸ್ತಿತೆರಿಗೆಯಿಂದ. ಅರ್ಥಾತ್, ಮನೆಯುಳ್ಳ ಬಡವನು ತೆರಿಗೆಯ ರೂಪದಿಂದಲೂ, ಮನೆಯಿಲ್ಲದವನು ಬಾಡಿಗೆಯ ರೂಪದಿಂದಲೂ ಅದನ್ನು ಹೊರುತ್ತಾನೆ. ಹೊಸ ಕಟ್ಟಡಗಳೆಲ್ಲ ‘ಹಸಿರು’ ಕಟ್ಟಡಗಳಾಗಿರಬೇಕೆಂದು ಮಂಡಲಿಯವರು ನಿಯಮ ಮಾಡಿದರು. ಒಳ್ಳೆಯದೇ. ಶಿಥಿಲವಾಗಿದ್ದ ತರಗತಿಗಳು ಹೊಸದಾದುವು. ಪೂರ್ವ ಲಾಸ್ ಏಂಜಲೀಸಿನ ಕಾಲೇಜಿನಲ್ಲಿ ಮೋಟಾರು ನಿಲ್ಲಿಸುವ ಬಯಲಿನ ಮೇಲೆ ಸೌರಫಲಕಗಳ ಚಪ್ಪರವೇ ಎದ್ದಿತು. ಈ ಭಾಗವನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ.

ಆದರೆ ಆಮೇಲೆ ನಡೆದದ್ದನ್ನು ಕೇಳಬೇಕು. ಒಂಬತ್ತು ಕಾಲೇಜುಗಳೂ ನಗರದ ವಿದ್ಯುತ್ತನ್ನು ಬಿಟ್ಟು, ತಮ್ಮ ಆವರಣದಲ್ಲಿಯೇ ಸೂರ್ಯನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಮಾಡಿಕೊಳ್ಳತಕ್ಕದ್ದೆಂಬ ಮಹಾಸಂಕಲ್ಪವೊಂದು ಹುಟ್ಟಿತು. 2011ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯು ಈ ಕಟ್ಟಡಕಾರ್ಯದ ಪರಾಮರ್ಶೆಯನ್ನು ಆರು ಭಾಗಗಳಲ್ಲಿ ಪ್ರಕಟಿಸಿ, ಇದರ ಗತಿಯನ್ನೂ ಬಯಲಿಗೆಳೆಯಿತು. ಗಾಳಿಯಂತ್ರಗಳ ಏರ್ಪಾಟು ಮುರಿದುಬಿದ್ದ ಕಾರಣ, ಆ ಕಾಲೇಜುಗಳ ಮೇಲೆ ಬೀಸುವ ಗಾಳಿ ಯಂತ್ರಕ್ಕೆ ಸಾಲದು ಎಂಬುದು. ಮಾದರಿಗಾಗಿ ನಿಲ್ಲಿಸಿದ ಒಂದೇ ಒಂದು ಯಂತ್ರವು ಸಾಮಾನ್ಯವಾದ ಗಾಳಿಯಲ್ಲಿ 60 ವಾಟಿನ ಒಂದು ದೀಪಕ್ಕೆ ಬೇಕಾದಷ್ಟು ವಿದ್ಯುತ್ತನ್ನೂ ಕೊಡುತ್ತಿರಲಿಲ್ಲವಂತೆ. ಕಾಗದದ ಮೇಲಣ ನಕ್ಷೆಗಳಿಗೂ ಸಲಹೆಗಾರರಿಗೂ ಸುಮಾರು ಒಂದು ಕೋಟಿ ಡಾಲರು ಖರ್ಚಾಗಿತ್ತು. ಗಾಳಿ ಬೀಸುತ್ತದೆಯೇ ಎಂದು ಆ ಊರಿನ ಯಾವ ಮುದುಕಿಯನ್ನು ಕೇಳಿದ್ದರೂ ಕಾಸಿಲ್ಲದೆ ಹೇಳುತ್ತಿದ್ದಳು! ಹಾಸ್ಯ ಹಾಗಿರಲಿ. ಆ ಯೋಜನೆ ಕೆಟ್ಟದ್ದು ಕೇವಲ ಎಣಿಕೆಯ ತಪ್ಪಿನಿಂದಲ್ಲ. ಯಾರಿಗಾಗಿ ಎಂಬ ಪ್ರಶ್ನೆಯನ್ನು ಕೇಳದೆ, ಎಷ್ಟು ಎಂಬ ಪ್ರಶ್ನೆಯೊಂದನ್ನೇ ಕೇಳಿದ್ದರಿಂದ ಕೆಟ್ಟಿತು. ಊರನ್ನು ಕೇಳುವ ಅಭ್ಯಾಸವಿದ್ದ ಸಂಸ್ಥೆಗೆ ಊರಿನ ಗಾಳಿ ತಿಳಿದಿರುತ್ತಿತ್ತು.

ಅದೇ ಒಂಬತ್ತು ಕಾಲೇಜುಗಳಲ್ಲಿ ಒಂದು, 1949ರಲ್ಲಿ ಸ್ಥಾಪಿತವಾದ ಹಾರ್ಬರ್ ಕಾಲೇಜು. ಅದು ಇರುವುದು ವಿಲ್ಮಿಂಗ್‌ಟನ್ ಎಂಬ ಬಡಾವಣೆಯಲ್ಲಿ. ಐವತ್ತು ಸಾವಿರಕ್ಕೆ ಮಿಕ್ಕ ಜನ. ಬಹುಪಾಲು ಮೆಕ್ಸಿಕೋ ಮೊದಲಾದ ನಾಡುಗಳ ಮೂಲದ ಲ್ಯಾಟಿನೋ ಶ್ರಮಿಕರು. ಕೆಳಗೆ, 1932ರಲ್ಲಿ ಕಂಡುಹಿಡಿಯಲ್ಪಟ್ಟ ಎಣ್ಣೆಯ ನೆಲ. ಆ ದೇಶದ ಅತಿ ದೊಡ್ಡ ಎಣ್ಣೆನೆಲಗಳಲ್ಲಿ ಅದೊಂದು. ಮನೆಗಳ ನಡುವೆಯೇ ಎಣ್ಣೆಯ ಬಾವಿಗಳು ತೋಡಲ್ಪಟ್ಟಿವೆ. ಸುತ್ತಲೂ ಎಣ್ಣೆಯನ್ನು ಶುದ್ಧಮಾಡುವ ಕಾರಖಾನೆಗಳು ಎದ್ದುವು. ದಕ್ಷಿಣಕ್ಕೆ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಎಂಬ ಜೋಡಿ ಬಂದರುಗಳು. ಪೆಟ್ಟಿಗೆಗಳಲ್ಲಿ ತುಂಬಿ ಬರುವ ಸರಕಿನ ಮಟ್ಟಿಗೆ ಅಮೆರಿಕಾದಲ್ಲಿ ಇವಕ್ಕೆ ಸಮನಾದ ಬಂದರುಸಮೂಹವಿಲ್ಲ. ಆ ಸರಕನ್ನು ಹೊತ್ತ ಡೀಸಲ್ ಲಾರಿಗಳು ಇದೇ ಬಡಾವಣೆಯನ್ನು ಹಾದುಹೋಗಬೇಕು. 2006ರ ಶುದ್ಧವಾಯು ಯೋಜನೆಯ ತರುವಾಯ ಬಂದರುಗಳ ಡೀಸಲ್ ಮಸಿ ಬಹಳ ಮಟ್ಟಿಗೆ ತಗ್ಗಿದೆಯೆಂಬುದು ನಿಜ; ಅದಕ್ಕಾಗಿ ಹೋರಾಡಿದವರಲ್ಲಿ ಮುಖ್ಯರಾದವರು ಆ ಬೀದಿಗಳ ತಾಯಂದಿರೇ ಹೊರತು ಕಾಲೇಜಿನ ಯೋಜನಾಸಮಿತಿಯವರಲ್ಲ. ಇಂತಹ ಸ್ಥಳದಲ್ಲಿ ನಿಂತ ಕಾಲೇಜು ತನ್ನ ಮಾಡಿನ ಫಲಕಗಳನ್ನು ಎಣಿಸಿಕೊಂಡು ‘ತಾನು ಸುಸ್ಥಿರ’ವೆಂದರೆ, ಬೆಂಕಿ ಬಿದ್ದ ಕೇರಿಯಲ್ಲಿ ತನ್ನ ಮನೆಯ ಒಲೆಯನ್ನು ಆರಿಸಿ ಬಂದೆನೆಂದು ಹೇಳಿಕೊಂಡಂತೆ.

ಹೊಗೆಗೆ ಬೇಲಿಯಿಲ್ಲ. ಅದೇ ಸಂಸ್ಥಾನದ ಉತ್ತರಭಾಗದಲ್ಲಿ, ರಿಚ್ಮಂಡ್ ನಗರದ ಷೆವ್ರಾನ್ ಎಣ್ಣೆ ಕಾರಖಾನೆಗೆ 2012ನೆಯ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸುತ್ತಣ ಊರುಗಳಿಂದ ಸುಮಾರು 15,000 ಜನ ಉಸಿರಾಟದ ತೊಂದರೆ ಮುಂತಾದುವುಗಳಿಂದ ವೈದ್ಯರ ಬಳಿಗೆ ಓಡಿದರು. ನೆರೆಯ ಸ್ಯಾನ್ ಪಾಬ್ಲೋವಿನಲ್ಲಿ ಸಮುದಾಯ ಕಾಲೇಜೊಂದಿದೆ. ಆ ಊರುಗಳ ವಿದ್ಯಾರ್ಥಿಗೆ ಆ ದಿನ ಬೇಕಾಗಿದ್ದದ್ದು ಪ್ರಶಸ್ತಿಪತ್ರ ಪಡೆದ ಹಸಿರು ಕಟ್ಟಡವಲ್ಲ. ಶುದ್ಧಮಾಡಿದ ಗಾಳಿಯುಳ್ಳ, ನೆರೆಯವರಿಗೂ ಬಾಗಿಲು ತೆರೆದ ಒಂದು ಕೋಣೆ.

ಈ ವಿಚಾರವು ಇಂದು ನಿನ್ನೆಯದಲ್ಲ. ಉತ್ತರ ಕ್ಯಾರೊಲೈನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ, ಪಿ.ಸಿ.ಬಿ. ಎಂಬ ವಿಷದ್ರವ್ಯ ಬೆರೆತ ಮಣ್ಣನ್ನು ಹೂಳಲು ಸರಕಾರದವರು ಹೆಚ್ಚಾಗಿ ಬಡ ಕರಿಯರೇ ಇದ್ದ ಒಂದು ನೆಲವನ್ನು ಆರಿಸಿದರು. ಜನರು ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ಐದುನೂರಕ್ಕೂ ಮಿಕ್ಕ ಜನ ಬಂಧಿತರಾದರು. ‘ಪರಿಸರನ್ಯಾಯ’ ಎಂಬ ಮಾತು ದೇಶವ್ಯಾಪಿಯಾದದ್ದು ಅಲ್ಲಿಂದೀಚೆಗೆ. 1987ರಲ್ಲಿ ಒಂದು ಕ್ರೈಸ್ತ ಧರ್ಮಸಂಸ್ಥೆಯ ಜನಾಂಗನ್ಯಾಯ ಶಾಖೆಯವರು ದೇಶದ ವಿಷಕಸದ ನೆಲೆಗಳನ್ನೆಲ್ಲ ಪರಿಶೀಲಿಸಿ, ಅಂತಹ ನೆಲೆ ಎಲ್ಲಿ ಬರುವುದೆಂಬುದನ್ನು ತಿಳಿಸುವ ಗುರುತುಗಳಲ್ಲಿ ಜನಾಂಗವೇ ಎಲ್ಲಕ್ಕಿಂತ ಪ್ರಬಲವಾದದ್ದು, ವರಮಾನವೂ ಅದಕ್ಕೆ ಎರಡನೆಯದು ಎಂದು ತೋರಿಸಿಕೊಟ್ಟರು. ಎಲ್ಲಿ ಬಾಯಿಲ್ಲದವರು ಇದ್ದಾರೋ ಅಲ್ಲಿ ಕಸ.

ಇನ್ನು ಪೂರ್ವಪಕ್ಷದವರ ಮಾತನ್ನು ಕೇಳೋಣ. ಅವರಲ್ಲಿ ಸಜ್ಜನರೂ ಇದ್ದಾರೆ. ಸುಸ್ಥಿರತೆಯೆಂದರೆ ಶಕ್ತಿ, ನೀರು, ಕಸ ಇವುಗಳ ವಿಷಯ. ನ್ಯಾಯ, ಸಮತೆ ಎಂಬುವನ್ನು ಅದರೊಳಗೆ ತುರುಕಿದರೆ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬರುತ್ತದೆ ಎಂಬುದು ಅವರ ಮೊದಲನೆಯ ಆಕ್ಷೇಪ. ಕೊಂಬುಳ್ಳದ್ದೇ ಗೋವು ಎಂದರೆ ಎಮ್ಮೆಯೂ ಗೋವಾಗುವಂತೆ, ಎಲ್ಲವೂ ಸುಸ್ಥಿರತೆಯಾದರೆ ಯಾವುದೂ ಅದಾಗಲಾರದೆಂದು ಅವರ ಅಳುಕು. ತರ್ಕದ ಮಾತನ್ನು ತರ್ಕದಿಂದಲೇ ನೋಡಬಹುದು. ಸುಸ್ಥಿರ ಅಭಿವೃದ್ಧಿಗೆ ಜಗತ್ತೆಲ್ಲ ಒಪ್ಪಿಕೊಂಡ ಲಕ್ಷಣವು ನಾರ್ವೆ ದೇಶದ ಬ್ರುಂಟ್‌ಲಾಂಡ್ ಎಂಬ ಮಹಿಳೆಯ ಅಧ್ಯಕ್ಷತೆಯ ವಿಶ್ವ ಆಯೋಗವು 1987ರಲ್ಲಿ ಕೊಟ್ಟದ್ದು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಭಂಗಬಾರದಂತೆ ಇಂದಿನ ಅಗತ್ಯವನ್ನು ಪೂರೈಸುವುದೆಂಬ ಅದರ ಪೂರ್ವಾರ್ಧವನ್ನು ಎಲ್ಲ ಯೋಜನೆಗಳ ಮೊದಲ ಪುಟದಲ್ಲಿಯೂ ಅಚ್ಚುಹಾಕಿಸುತ್ತಾರೆ. ಆ ‘ಅಗತ್ಯ’ವೆಂದರೆ ವಿಶೇಷವಾಗಿ ಬಡವರ ಮೂಲಾವಶ್ಯಕತೆಗಳು, ಅವಕ್ಕೇ ಪರಮಪ್ರಾಶಸ್ತ್ಯ ಸಲ್ಲಬೇಕು ಎಂದು ಅದೇ ಜಾಗದಲ್ಲಿ, ಮರುಸಾಲುಗಳಲ್ಲಿಯೇ ಆ ಆಯೋಗವು ಹೇಳಿದೆ. ಅದನ್ನು ಅಚ್ಚುಹಾಕಿಸುವವರು ಕಡಮೆ. ಹೀಗಿರಲಾಗಿ ದೋಷವಿರುವುದು ಯಾರ ಕಡೆಯಲ್ಲಿ? ಕಪಿಲವರ್ಣದ್ದೇ ಗೋವು ಎಂದು ಹೇಳಿ ಬಿಳಿಯ ಹಸುವನ್ನು ಕೊಟ್ಟಿಗೆಯಿಂದ ಅಟ್ಟಿದವನ ಅವ್ಯಾಪ್ತಿದೋಷವೇ ಕಟ್ಟಡಗಳನ್ನಷ್ಟೇ ಎಣಿಸುವವರ ದೋಷ.

ಅಂಕಿಗೆ ಸಿಕ್ಕದ್ದನ್ನು ಯೋಜನೆಯಲ್ಲಿ ಬರೆಯುವುದು ಹೇಗೆ, ವಿದ್ಯುತ್ತಿಗೆ ಮೀಟರಿದೆ, ನ್ಯಾಯಕ್ಕೆ ಮೀಟರೆಲ್ಲಿ ಎಂದು ಕೆಲವರು ಕೇಳುತ್ತಾರೆ. ಮೀಟರಿದೆ. ಕ್ಯಾಲಿಫೋರ್ನಿಯಾ ಸರಕಾರವು 2013ರಿಂದ ಪ್ರಕಟಿಸುತ್ತ ಬಂದಿರುವ ‘ಕ್ಯಾಲ್‌ಎನ್ವಿರೋಸ್ಕ್ರೀನ್’ ಎಂಬ ನಕ್ಷೆಯಲ್ಲಿ ಜನಗಣತಿಯ ಒಂದೊಂದು ತುಂಡು ನೆಲಕ್ಕೂ ಅಲ್ಲಿನ ಗಾಳಿ, ನೀರು, ಡೀಸಲ್ ಮಸಿ, ಉಬ್ಬಸ, ಬಡತನ, ನಿರುದ್ಯೋಗಗಳನ್ನು ಕೂಡಿಸಿ ಅಂಕ ಕೊಟ್ಟಿದೆ. ಹೊಗೆಯ ಪರವಾನಗಿಗಳ ಹರಾಜಿನಿಂದ ಬಂದ ಹಣದಲ್ಲಿ ಕನಿಷ್ಠಪಕ್ಷ ನಾಲ್ಕರಲ್ಲಿ ಒಂದು ಪಾಲು ಇಂತಹ ನೊಂದ ನೆಲಗಳ ಹಿತಕ್ಕಾಗಿ ವ್ಯಯವಾಗತಕ್ಕದ್ದೆಂದು 2012ರಲ್ಲಿಯೇ ಆ ಸಂಸ್ಥಾನವು ಶಾಸನ ಮಾಡಿದೆ. ವಿದ್ಯಾರ್ಥಿಗಳ ವಿಳಾಸ ಪ್ರತಿಯೊಂದು ಕಾಲೇಜಿನ ಕಚೇರಿಯಲ್ಲಿಯೂ ಇದೆ. ವಿಳಾಸವನ್ನು ನಕ್ಷೆಯ ಮೇಲಿಡಲು ಬೇಕಾದದ್ದು ಒಬ್ಬ ಗುಮಾಸ್ತನ ಒಂದು ವಾರದ ಕೆಲಸ. ಅಳತೆಯಿಲ್ಲವೆಂಬ ಮಾತು ಅಳೆಯಲೊಲ್ಲದವರ ಮಾತು.

ಈಚೆಗೆ ಹುಟ್ಟಿದ ಇನ್ನೊಂದು ಆಕ್ಷೇಪವು ಆಕ್ಷೇಪವಲ್ಲ, ಭಯ. ಫೆಡರಲ್ ಇಲಾಖೆಗಳೆಲ್ಲ ಪರಿಸರನ್ಯಾಯವನ್ನು ಗಮನಿಸತಕ್ಕದ್ದೆಂದು ಅಧ್ಯಕ್ಷ ಕ್ಲಿಂಟನ್ನರು 1994ರ ಫೆಬ್ರವರಿಯಲ್ಲಿ ಹೊರಡಿಸಿದ ಆಜ್ಞೆಯನ್ನು ಅಧ್ಯಕ್ಷ ಟ್ರಂಪರು 2025ರ ಜನವರಿಯಲ್ಲಿ ರದ್ದುಮಾಡಿದರು. ಮರುತಿಂಗಳೇ ಫೆಡರಲ್ ಪರಿಸರ ಇಲಾಖೆಯ ಇಂತಹುದೇ ನಕ್ಷೆಯು ಸಾರ್ವಜನಿಕರ ಕೈಗೆ ಸಿಕ್ಕದಂತಾಯಿತು. ಆದುದರಿಂದ ‘ನ್ಯಾಯ’, ‘ಸಮತೆ’ ಎಂಬ ಶಬ್ದಗಳನ್ನು ಯೋಜನೆಯಿಂದ ತೆಗೆದು, ಸುಮ್ಮನೆ ದೀಪ, ಫಲಕಗಳಿಗೆ ಹಿಂತಿರುಗೋಣವೆಂಬ ಬುದ್ಧಿವಾದ ಕೇಳಿಬರುತ್ತಿದೆ. ಹಣ ನಿಲ್ಲುವ ಭಯ ಕೇವಲ ಹೇಡಿತನವಲ್ಲ. ಬಡ ಕಾಲೇಜಿಗೆ ಅದು ನಿಜವಾದ ಭಯ. ಶಬ್ದವನ್ನು ಬಿಡಬೇಕಾದರೆ ಬಿಡಲಿ. ಮುನ್ನುಡಿಯಲ್ಲಿ ನ್ಯಾಯವನ್ನೂ ಆಯವ್ಯಯದಲ್ಲಿ ಅನ್ಯಾಯವನ್ನೂ ಬರೆದಿಟ್ಟ ಯೋಜನೆಗಳು ಹಿಂದೆಯೂ ಇದ್ದುವು. ಅವುಗಳಿಂದ ಶಬ್ದ ಹೋದರೆ ನಷ್ಟವೇನೂ ಇಲ್ಲ. ಆದರೆ ಆಜ್ಞೆ ರದ್ದಾದ ಮಾತ್ರಕ್ಕೆ ವಿಲ್ಮಿಂಗ್‌ಟನ್ನಿನ ಗಾಳಿ ಬದಲಾಗಲಿಲ್ಲ. ಸಂಸ್ಥಾನದ ಶಾಸನವೂ ರದ್ದಾಗಲಿಲ್ಲ. ಹೆಸರಿಲ್ಲದೆಯೂ ಮಾಡಬಹುದಾದ ಕೆಲಸವನ್ನು ಹೆಸರು ಹೋಯಿತೆಂಬ ನೆಪದಿಂದ ಬಿಡುವುದು ಸಲ್ಲದು.

ಆ ಕೆಲಸಗಳಲ್ಲಿ ಕೆಲವು ಅತ್ಯಂತ ಸಾಧಾರಣವಾದುವು. ಲಾಸ್ ಏಂಜಲೀಸಿನ ಸಾರಿಗೆಯವರು 2021ರ ಅಕ್ಟೋಬರಿನಲ್ಲಿ ಶಾಲೆಯ ಮಕ್ಕಳಿಗೂ ಸಮುದಾಯ ಕಾಲೇಜಿನ ವಿದ್ಯಾರ್ಥಿಗಳಿಗೂ, ಅವರ ಸಂಸ್ಥೆಯು ಒಪ್ಪಿ ಸೇರಿಕೊಂಡ ಪಕ್ಷದಲ್ಲಿ, ಬಸ್ಸು ರೈಲುಗಳಲ್ಲಿ ಕಾಸಿಲ್ಲದೆ ಓಡಾಡುವ ಚೀಟಿಯ ಏರ್ಪಾಟು ಮಾಡಿದರು. ಇದನ್ನು ಗಾಳಿಯಂತ್ರದ ಪಕ್ಕದಲ್ಲಿಟ್ಟು ನೋಡಬೇಕು. ಮೋಟಾರಿನ ಹೊಗೆಯೂ ತಗ್ಗಿತು. ಬಡವಿದ್ಯಾರ್ಥಿಯ ಕಿಸೆಯಲ್ಲಿ ಊಟದ ಕಾಸೂ ಉಳಿಯಿತು. ಈ ಉಳಿತಾಯ ಅಲ್ಪವೆಂದು ತಿಳಿಯಬಾರದು. 2019ರಲ್ಲಿ ಆ ದೇಶದ ಕಾಲೇಜುಗಳಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಎರಡು ವರ್ಷದ ಕಾಲೇಜುಗಳ ವಿದ್ಯಾರ್ಥಿಗಳ ಪೈಕಿ ಹತ್ತರಲ್ಲಿ ಸುಮಾರು ನಾಲ್ವರಿಗೆ ಊಟದ ಭರವಸೆ ಇರಲಿಲ್ಲ. ದೇಹಲೀದೀಪವೆಂದು ಶಾಸ್ತ್ರಕಾರರು ಹೇಳುವ ಹೊಸಲಿನ ಮೇಲಣ ದೀಪವು ಮನೆಯ ಒಳಗನ್ನೂ ಹೊರಗನ್ನೂ ಒಟ್ಟಿಗೆ ಬೆಳಗುವಂತೆ, ಒಂದೇ ಖರ್ಚಿನಿಂದ ಶಕ್ತಿಯ ಲೆಕ್ಕವೂ ಸಮತೆಯ ಲೆಕ್ಕವೂ ಸರಿಹೋಗುವ ಕಾರ್ಯಗಳನ್ನು ಮೊದಲು ಮಾಡತಕ್ಕದ್ದು. ಒಳಗಷ್ಟೇ ಬೆಳಗುವ ಕಾರ್ಯಗಳು ಆಮೇಲೆ.

ಯೋಜನೆಯನ್ನು ಬರೆಯುವವರು ಯಾರು ಎಂಬುದೂ ಮುಖ್ಯ. ಸಮಿತಿಗಳು ಕೂಡುವುದು ಹಗಲು ಹೊತ್ತಿನಲ್ಲಿ. ವಿದ್ಯಾರ್ಥಿಗಳು ದುಡಿಯುವುದೂ ಹಗಲು ಹೊತ್ತಿನಲ್ಲಿಯೇ. ಈ ಕಾಲೇಜುಗಳ ಉಪಾಧ್ಯಾಯರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಜನ ಗಂಟೆಯ ಲೆಕ್ಕದ ಅಂಶಕಾಲಿಕರು. ಒಂದು ಕಾಲೇಜಿನ ಪಾಠ ಮುಗಿಸಿ ಇನ್ನೊಂದಕ್ಕೆ ಓಡತಕ್ಕವರು. ಸಮಿತಿಯಲ್ಲಿ ಕುಳಿತುಕೊಳ್ಳಲು ಅವರಿಗೆ ಸಂಬಳವೂ ಇಲ್ಲ, ಹೊತ್ತೂ ಇಲ್ಲ. ರಾತ್ರಿ ಕೋಣೆಗಳನ್ನು ಗುಡಿಸುವವರನ್ನು ಕೇಳುವ ಮಾತೇ ಇಲ್ಲ. ಉಳಿಯುವವರು ಆಡಳಿತದವರೂ ಸಲಹೆಗಾರರೂ. ಅವರು ಬರೆದ ಯೋಜನೆಯಲ್ಲಿ ಅವರ ಕಣ್ಣಿಗೆ ಕಂಡದ್ದೇ ಬರುವುದು ಸಹಜ.

ಇವೆಲ್ಲಕ್ಕಿಂತಲೂ ಗಹನವಾದದ್ದು ಜೀವನೋಪಾಯದ ಪ್ರಶ್ನೆ. ಎಣ್ಣೆ ಮತ್ತು ರಸಾಯನದ ಕಾರಖಾನೆಗಳ ಮಗ್ಗುಲಿನ ಸಮುದಾಯ ಕಾಲೇಜುಗಳು ಆ ಕಾರಖಾನೆಗಳ ಯಂತ್ರಗಳನ್ನು ನಡೆಸುವ ವಿದ್ಯೆಯನ್ನೇ ಕಲಿಸುವುದುಂಟು. ಕ್ಯಾಲಿಫೋರ್ನಿಯಾದ ಪಿಟ್ಸ್‌ಬರ್ಗಿನ ಲಾಸ್ ಮೆಡಾನೋಸ್ ಕಾಲೇಜೂ, ಮಿಸಿಸಿಪ್ಪಿ ನದಿಯ ದಡದಲ್ಲಿ ಜನರು ‘ಕ್ಯಾನ್ಸರ್ ಓಣಿ’ ಎಂದು ಕರೆಯುವ ಭಾಗದಲ್ಲಿರುವ ಲೂಯಿಸಿಯಾನಾದ ರಿವರ್ ಪ್ಯಾರಿಷಸ್ ಕಾಲೇಜೂ ಇದಕ್ಕೆ ನಿದರ್ಶನ. ತಂದೆಯ ಸಂಬಳ ಬರುವುದೂ ಮಗುವಿನ ಉಬ್ಬಸ ಬರುವುದೂ ಒಂದೇ ಚಿಮಣಿಯಿಂದ. ಪರಿಸರವಾದಿಗಳಲ್ಲಿ ಅನೇಕರು ಈ ಗಂಟನ್ನು ನೋಡಿಯೂ ನೋಡದವರಂತೆ ಮುಂದೆ ಹೋಗುತ್ತಾರೆ. ಕಾರಖಾನೆ ಮುಚ್ಚಿದರಾಯಿತು ಎನ್ನುತ್ತಾರೆ. ಮುಚ್ಚಿದ ಮರುದಿನ ಆ ತಂದೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರ ಕೊಡಬಲ್ಲ ಸಂಸ್ಥೆ ಊರಿನಲ್ಲಿ ಯಾವುದಾದರೂ ಇದ್ದರೆ ಅದು ಸಮುದಾಯ ಕಾಲೇಜು. ಹೀಗಿರುವಾಗ ಅದರ ಸುಸ್ಥಿರತೆಯ ಯೋಜನೆ ಒಂದು ಕೋಣೆಯಲ್ಲಿ, ಉದ್ಯೋಗಶಿಕ್ಷಣದ ಯೋಜನೆ ಇನ್ನೊಂದು ಕೋಣೆಯಲ್ಲಿ, ಪರಸ್ಪರ ಮುಖಪರಿಚಯವೂ ಇಲ್ಲದೆ ತಯಾರಾಗುವುದು ವಿಪರ್ಯಾಸವಲ್ಲವೆ?

ಇದು ಊಹೆಯ ಪ್ರಶ್ನೆಯಾಗಿ ಉಳಿದಿಲ್ಲ. ವಿಲ್ಮಿಂಗ್‌ಟನ್ ಮತ್ತು ಪಕ್ಕದ ಕಾರ್ಸನ್ ಊರುಗಳಲ್ಲಿರುವ ತನ್ನ ಕಾರಖಾನೆಯನ್ನು 2025ರ ಕೊನೆಯ ತಿಂಗಳುಗಳಲ್ಲಿ ನಿಲ್ಲಿಸುವುದಾಗಿ ಫಿಲಿಪ್ಸ್ 66 ಕಂಪನಿಯು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಸುಮಾರು 600 ಮಂದಿ ನೌಕರರು, 300 ಮಂದಿ ಗುತ್ತಿಗೆಯವರು. ಇವರ ಅನ್ನದ ಪ್ರಶ್ನೆ ಅಂದೇ ಎದ್ದಿತು. ಹಾರ್ಬರ್ ಕಾಲೇಜು ಅಲ್ಲಿಗೆ ಬಹುಸಮೀಪ. ಅದೇ ಪ್ರಕಟನೆಯಲ್ಲಿ, ಎರಡು ಊರುಗಳಲ್ಲಿರುವ ಸುಮಾರು 650 ಎಕರೆ ನೆಲವನ್ನು ಮುಂದೆ ಯಾವುದಕ್ಕೆ ಉಪಯೋಗಿಸಬಹುದೆಂದು ವಿಚಾರಮಾಡಲು ಭೂವ್ಯವಹಾರದ ಎರಡು ಸಂಸ್ಥೆಗಳನ್ನು ಗೊತ್ತುಮಾಡಿರುವುದಾಗಿಯೂ ಕಂಪನಿ ತಿಳಿಸಿತು. ಬಹುಕಾಲದಿಂದ ಎಣ್ಣೆಯನ್ನು ಕುಡಿದ ಆ ಮಣ್ಣನ್ನು ತೊಳೆಯುವವರು ಯಾರು, ಆ ಕೆಲಸದ ಕೂಲಿ ಆ ಊರಿನವರಿಗೆ ಸಿಕ್ಕುವುದೇ, ಅದಕ್ಕೆ ಬೇಕಾದ ವಿದ್ಯೆಯನ್ನು ಕಲಿಸುವವರು ಯಾರು, ತೊಳೆದ ಮೇಲೆ ಅಲ್ಲಿ ಮನೆಗಳೂ ಮರಗಳೂ ಏಳುವುವೋ, ಅಥವಾ ಬಂದರಿನ ಸರಕಿಗೆ ಗೋದಾಮುಗಳು ಎದ್ದು ಮತ್ತಷ್ಟು ಲಾರಿಗಳು ಅದೇ ಬೀದಿಗಳಲ್ಲಿ ಹರಿಯುವುವೋ? ಹಾರ್ಬರ್ ಕಾಲೇಜಿನವರು ಸುಸ್ಥಿರತೆಯ ಯೋಜನೆಯನ್ನು ಬರೆಯಲು ಇನ್ನೊಮ್ಮೆ ಕುಳಿತಾಗ, ಆ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಬರಬೇಕಾದದ್ದು ಈ 650 ಎಕರೆ. ದೀಪಗಳ ಪಟ್ಟಿಯನ್ನು ಅನುಬಂಧಕ್ಕೆ ಹಾಕಬಹುದು.